ಮೊಹರು ಮತ್ತು ಅಕ್ಷರ

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.



ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಜನ ದುಡಿಮೆಗಾಗಿ ಗೋವಾ, ಮುಂಬಯಿ, ಪುಣೆಗಳಿಗೆ ಹೋಗುವುದು ಹಳೆಯ ಮಾತು. ಈಗ ಓದಿದ ಮಕ್ಕಳು ಸೌದಿ, ದುಬೈ, ಕುವೈತ್ ಕಡೆಗೂ ಮುಖ ಮಾಡಿದ್ದಾರೆ. ಹೊರಡುವ ಮುನ್ನ ಅವರೆಲ್ಲರೂ ಕೇಳುವ ಪ್ರಶ್ನೆ ಒಂದೇ: "ಸರ್, ಸರ್ಟಿಫಿಕೇಟಿಗೆ ಅಟೆಸ್ಟೇಶನ್ ಮಾಡಿಸಬೇಕಂತೆ, ಅದೇನು?" ಆ ಪ್ರಶ್ನೆಗೆ ಉತ್ತರ ಹೇಳಲು ಇಂದು ನಿಮ್ಮ ಮುಂದೆ ನಿಂತಿದ್ದೇನೆ.

ಇಂಡಿಯ ನೋಟರಿ ವಕೀಲರ ಸಹಿಯನ್ನು ಕುವೈತಿನ ಅಧಿಕಾರಿ ಹೇಗೆ ಗುರುತಿಸಬೇಕು? ನಮ್ಮಲ್ಲಿ ನೋಟರಿಗಳು 1952ರ ಕಾಯಿದೆಯ ಪ್ರಕಾರ ಸರ್ಕಾರದಿಂದ ನೇಮಕವಾದವರು ನಿಜ. ಆದರೆ ಪರದೇಶದವರಿಗೆ ಅವರ ಪರಿಚಯವಿಲ್ಲ. ಆದ್ದರಿಂದ ಕೆಳಗಿನವರ ಸಹಿಯನ್ನು ಮೇಲಿನವರು ಗುರುತಿಸಿ ಮೊಹರು ಹಾಕುತ್ತ ಹೋಗುತ್ತಾರೆ. ಜನನ ಪ್ರಮಾಣಪತ್ರ, ವಿವಾಹ ನೋಂದಣಿ ಪತ್ರ, ನೋಟರಿ ಮುಂದೆ ಮಾಡಿದ ಅಫಿಡವಿಟ್, ಮುಖತ್ಯಾರ ಪತ್ರ ಇವುಗಳಿಗೆ ರಾಜ್ಯದ ಗೃಹ ಇಲಾಖೆಯ ದೃಢೀಕರಣ ಬೇಕು. ಮಾರ್ಕ್ಸ್ ಕಾರ್ಡು, ಪದವಿ ಪತ್ರಗಳಿಗೆ ರಾಜ್ಯದ ಶಿಕ್ಷಣ ಇಲಾಖೆಯದು ಬೇಕು. ಅದರ ಮೇಲೆ ಭಾರತ ಸರ್ಕಾರದ ವಿದೇಶಾಂಗ ಸಚಿವಾಲಯದ ಮೊಹರು.

ಮೊದಲು ಈ ಕೊನೆಯ ಕೆಲಸ ಬೆಂಗಳೂರಿನಲ್ಲಿ ಆಗುತ್ತಿರಲಿಲ್ಲ. 2019ರಿಂದ ಬೆಂಗಳೂರು ಸೇರಿದಂತೆ ಬೇರೆ ನಗರಗಳಲ್ಲಿಯೂ ಈ ವ್ಯವಸ್ಥೆ ಇದೆ. ಸಚಿವಾಲಯವು ಪತ್ರಗಳನ್ನು ಜನರಿಂದ ನೇರವಾಗಿ ಪಡೆಯುವುದಿಲ್ಲ. ತಾನು ನೇಮಿಸಿದ ಸಂಸ್ಥೆಗಳ ಮೂಲಕ ಪಡೆಯುತ್ತದೆ. ಆ ಸಂಸ್ಥೆಗಳ ಹೆಸರು ಸಚಿವಾಲಯದ ಜಾಲತಾಣದಲ್ಲಿವೆ. ಯಾರೋ ಏಜೆಂಟರ ಕೈಗೆ ಮೂಲ ಪತ್ರ ಕೊಡುವ ಮೊದಲು ಅದನ್ನು ನೋಡಿಕೊಳ್ಳಿ.

ಮುಂದಿನ ದಾರಿ ನೀವು ಹೋಗುವ ದೇಶದ ಮೇಲೆ ನಿಂತಿದೆ. 1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ಒಂದು ಒಪ್ಪಂದವಾಯಿತು. ಅದರಲ್ಲಿ ಸೇರಿದ ದೇಶಗಳ ನಡುವೆ 'ಅಪಾಸ್ಟಿಲ್' ಎಂಬ ಒಂದೇ ಚೀಟಿ ಸಾಕು, ರಾಯಭಾರ ಕಚೇರಿಯ ಮೊಹರು ಬೇಕಿಲ್ಲ. ಭಾರತಕ್ಕೆ ಇದು 2005ರ ಜುಲೈ 14ರಿಂದ ಅನ್ವಯವಾಗಿದೆ. ಒಮಾನಿಗೆ 2012ರಿಂದ, ಬಹರೈನಿಗೆ 2013ರ ಕೊನೆಯ ದಿನದಿಂದ, ಸೌದಿ ಅರೇಬಿಯಾಕ್ಕೆ 2022ರ ಡಿಸೆಂಬರ್ 7ರಿಂದ ಅನ್ವಯವಾಗಿದೆ. ಆದರೆ ಯು.ಎ.ಇ., ಕುವೈತ್, ಕತಾರ್ ಇದರಲ್ಲಿ ಸೇರಿಲ್ಲ. ಅಲ್ಲಿಗೆ ಹೋಗುವವರು ಸಚಿವಾಲಯದ ಅಟೆಸ್ಟೇಶನ್ ಆದ ಮೇಲೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವನ್ನೂ ಪಡೆಯಬೇಕು. ಸಚಿವಾಲಯವು ಸಾಮಾನ್ಯ ಅಟೆಸ್ಟೇಶನ್‌ಗೆ ಶುಲ್ಕ ಪಡೆಯುವುದಿಲ್ಲ, ಅಪಾಸ್ಟಿಲ್‌ಗೆ ಪತ್ರವೊಂದಕ್ಕೆ 50 ರೂಪಾಯಿ. ಸೇವಾ ಸಂಸ್ಥೆಯ ಮತ್ತು ರಾಯಭಾರ ಕಚೇರಿಯ ಶುಲ್ಕ ಬೇರೆ. ಇದು ತಿಳಿದಿದ್ದರೆ ಯಾರು ಎಷ್ಟು ಕೇಳಿದರೂ "ಯಾವುದಕ್ಕೆ ಎಷ್ಟು?" ಎಂದು ಲೆಕ್ಕ ಕೇಳಬಹುದು.

ಇಷ್ಟು ಹೇಳಿದ ಮೇಲೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಇಷ್ಟೆಲ್ಲ ಮೊಹರುಗಳು ಏನನ್ನು ದೃಢಪಡಿಸುತ್ತವೆ? ಕೆಳಗಿನ ಸಹಿ ನಿಜ, ಸಹಿ ಮಾಡಿದವರಿಗೆ ಆ ಅಧಿಕಾರವಿತ್ತು, ಮೊಹರು ಅಸಲಿ. ಇಷ್ಟೇ. ಪತ್ರದೊಳಗೆ ಬರೆದದ್ದು ಸರಿಯೇ ಎಂಬುದಕ್ಕೆ ಅಪಾಸ್ಟಿಲ್ ಕೂಡ ಹೊಣೆಯಲ್ಲ. ನಮ್ಮ ಕನ್ನಡದ 'ಸಹಿ' ಎಂಬ ಮಾತು ಅರಬಿಯ 'ಸಹೀಹ್' ಎಂಬುದರಿಂದ ಬಂದದ್ದು, ಅದರ ಅರ್ಥ 'ಸರಿಯಾದದ್ದು'. ಆದರೆ ಸಹಿ ಬಿದ್ದದ್ದೆಲ್ಲ ಸಹೀಹ್ ಆಗುವುದಿಲ್ಲ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಸಿಂದಗಿ ತಾಲೂಕಿನ ಹಳ್ಳಿಯ ಒಬ್ಬ ಹುಡುಗ ಡಿಪ್ಲೊಮಾ ಮುಗಿಸಿ ಕುವೈತಿನಲ್ಲಿ ಕೆಲಸ ಗೊತ್ತು ಮಾಡಿಕೊಂಡಿದ್ದ. ಎಲ್ಲ ಮೊಹರುಗಳೂ ಬಿದ್ದಿದ್ದವು. ತಂದೆ ಸಾಲ ಮಾಡಿ ಖರ್ಚು ಹಾಕಿದ್ದರು. ಆದರೆ ಮಾರ್ಕ್ಸ್ ಕಾರ್ಡಿನಲ್ಲಿ 'ಮೈಬೂಬಸಾ', ಪಾಸ್‌ಪೋರ್ಟಿನಲ್ಲಿ 'ಮಹಬೂಬ್'. ಇಬ್ಬರೂ ಒಬ್ಬನೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿದ. ಕಂಪನಿಯವರು ಒಪ್ಪಲಿಲ್ಲ. ಕೆಲಸ ಬೇರೆಯವರ ಪಾಲಾಯಿತು, ಸಾಲ ಉಳಿಯಿತು. ಆ ಹುಡುಗ ನನ್ನ ಬಳಿ ಬಂದಾಗ ಶಾಲೆಯ ದಾಖಲಾತಿ ವಹಿ ತೆಗೆಸಿ ನೋಡಿದೆ. ಅಕ್ಷರ ನನ್ನದೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅಜ್ಜ ಹೇಳಿದ್ದನ್ನು ಕಿವಿಗೆ ಬಿದ್ದ ಹಾಗೆ ಬರೆದಿದ್ದೆ. ಉರ್ದು ಕಲಿಸುವ ನಾನೇ ಆ ಹೆಸರನ್ನು ಸರಿಯಾಗಿ ಕೇಳಿ ಬರೆಯಲಿಲ್ಲ. ಆ ಹುಡುಗ ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಸೂರಾ ಬಕರದ 282ನೇ ಆಯತ್ ಕುರ್‌ಆನಿನಲ್ಲಿ ಎಲ್ಲಕ್ಕಿಂತ ದೀರ್ಘವಾದುದು. ಸಾಲದ ಕರಾರನ್ನು ಬರೆದಿಡಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು ಎಂಬುದು ಅದರ ಆದೇಶ. ಆ ದಿನದಿಂದ, ವಹಿ ಹಿಡಿದ ಶಿಕ್ಷಕನಿಗೂ ಅದು ಸೇರಿದ್ದೆಂದು ನಾನು ತಿಳಿದಿದ್ದೇನೆ.

ಆದ್ದರಿಂದ ಪಾಲಕರೇ, ಮಗುವನ್ನು ಒಂದನೇ ತರಗತಿಗೆ ಸೇರಿಸುವಾಗ ಜನನ ಪ್ರಮಾಣಪತ್ರ ತನ್ನಿ. ಅದರಲ್ಲಿರುವ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಹಾಗೆಯೇ ವಹಿಗೆ ಬಂದಿತೇ ಎಂದು ನೋಡಿರಿ. ಓದಲು ಬಾರದಿದ್ದರೆ ಗುರುಗಳಿಂದ ಓದಿಸಿ ಕೇಳಿರಿ, ಸಂಕೋಚ ಬೇಡ. ಹತ್ತನೇ ತರಗತಿಯ ವಿದ್ಯಾರ್ಥಿಗಳೇ, ನಾಮಿನಲ್ ರೋಲ್ ಮುಂದೆ ಬಂದಾಗ ಗಡಿಬಿಡಿಯಲ್ಲಿ ರುಜು ಮಾಡಬೇಡಿ, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿರಿ. ತಿದ್ದುಪಡಿಗೆ ಅದು ಸುಲಭದ ಸಮಯ. ಮುಂದೆ ಅದಕ್ಕಾಗಿ ಕಚೇರಿಗಳನ್ನು ಸುತ್ತಬೇಕಾಗುತ್ತದೆ, ಕೋರ್ಟಿಗೆ ಹೋಗಬೇಕಾಗಿಯೂ ಬರಬಹುದು. ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಮಾರ್ಕ್ಸ್ ಕಾರ್ಡನ್ನು ಎದುರಿಗಿಟ್ಟುಕೊಳ್ಳಿ. ಮೂಲ ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಪ್ಲಾಸ್ಟಿಕ್ಕಿನ ಮೇಲೆ ಮೊಹರು ನಿಲ್ಲದು. ಹೆಂಡತಿಯನ್ನು ಕರೆದೊಯ್ಯುವ ವಿಚಾರವಿದ್ದವರು ಉರ್ದುವಿನ ನಿಕಾಹ್‌ನಾಮೆಯೊಂದನ್ನೇ ನಂಬದೆ, ಮದುವೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿರಿ.

ನನ್ನ ಸಹೋದ್ಯೋಗಿ ಶಿಕ್ಷಕರಲ್ಲಿ ಒಂದು ಅರಿಕೆ. ಬೆಂಗಳೂರಿನ ಮೊಹರು ನಮ್ಮ ಕೈಯಲ್ಲಿಲ್ಲ, ದೆಹಲಿಯದೂ ಇಲ್ಲ. ಮೊದಲ ಅಕ್ಷರ ಮಾತ್ರ ನಮ್ಮ ಕೈಯಲ್ಲಿದೆ. ಅದನ್ನು ಕೇಳಿ, ಪತ್ರ ನೋಡಿ, ಬರೆಯೋಣ.

ಅಲ್ಲಾಹನು ನಮ್ಮ ಮಕ್ಕಳ ಇಲ್ಮಿನಲ್ಲಿ, ರೋಜಿಯಲ್ಲಿ ಬರಕತ್ ನೀಡಲಿ. ಆಮೀನ್.

 ಖುದಾ ಹಾಫಿಜ್. ಜೈ ಹಿಂದ್, ಜೈ ಕರ್ನಾಟಕ.