ಡೇರೆಯ ಗೆಡ್ಡೆಯನ್ನು ಕಾಪಾಡುವ ಬಗೆ



ಮಲೆನಾಡಿನ ಮನೆಗಳ ಅಂಗಳದಲ್ಲಿ ಮಳೆಗಾಲದಲ್ಲಿ ಅರಳಿ ನಿಲ್ಲುವ ಡೇರೆಯ ಹೂವನ್ನು ನಿಮ್ಮಲ್ಲಿ ಅನೇಕರು ಕಂಡಿರುವಿರಿ. ಪೇಟೆಯವರು ಇದನ್ನು ಡೇಲಿಯಾ ಎನ್ನುವರು. ಮೊದಲ ಮಳೆಗೆ ನೆಟ್ಟ ಗೆಡ್ಡೆಯು ಶ್ರಾವಣ ಭಾದ್ರಪದಗಳಲ್ಲಿ ಮನೆಯ ಮುಂದೆ ಬಣ್ಣಗಳ ಸಂತೆಯನ್ನೇ ನೆರೆಸುವುದು. ಕೆಲವು ತಿಂಗಳು ಕಳೆಯಲು ಅದೇ ಗಿಡದ ಎಲೆಯೊಣಗಿ ಕಾಂಡ ಕುಸಿಯುವುದು. ಸತ್ತಿತೆಂದು ಕಿತ್ತು ತಿಪ್ಪೆಗೆಸೆಯುವವರೂ ಉಂಟು. ಗಿಡ ಸತ್ತಿಲ್ಲ, ಮಲಗಿದೆ. ಆ ನಿದ್ರೆಯಲ್ಲಿ ಅದನ್ನು ಕಾಪಾಡುವುದು ಹೇಗೆಂಬುದೇ ಈ ದಿನದ ವಿಷಯ.

ಡೇರೆಯ ತವರು ಮೆಕ್ಸಿಕೋ ದೇಶದ ಎತ್ತರವಾದ ಭೂಮಿ. ಅಲ್ಲಿ ಬೇಸಗೆಯಲ್ಲಿ ಮಳೆ, ಚಳಿಗಾಲದಲ್ಲಿ ಒಣಹವೆ. ಮಳೆಯಲ್ಲಿ ಬೆಳೆದು ಹೂಬಿಟ್ಟು, ಒಣಕಾಲದಲ್ಲಿ ಮೇಲಿನ ದೇಹವನ್ನು ಬಿಟ್ಟು ನೆಲದೊಳಗೆ ಉಳಿಯುವುದು ಆ ಗಿಡದ ಧರ್ಮ. 1789ರಲ್ಲಿ ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್ ನಗರಕ್ಕೆ ಬೀಜ ಬಂದಿತು. ಕವನಿಲ್ಲೆಸ್ ಎಂಬ ಸಸ್ಯಶಾಸ್ತ್ರಜ್ಞನು 1791ರಲ್ಲಿ ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬುವನ ನೆನಪಿಗಾಗಿ ಅದಕ್ಕೆ ಡೇಲಿಯಾ ಎಂದು ಹೆಸರಿಟ್ಟನು.

ಯೂರೋಪಿನಲ್ಲಿ ಗಿಡಕ್ಕೆ ಹೊಸದೊಂದು ಶತ್ರು ಎದುರಾಯಿತು, ಅದೇ ಹಿಮ. ಗೆಡ್ಡೆಯಲ್ಲಿ ನೀರೇ ಹೆಚ್ಚು. ಆ ನೀರು ಹೆಪ್ಪುಗಟ್ಟಿದರೆ ಜೀವಕೋಶಗಳು ಒಡೆದು ಗೆಡ್ಡೆ ಕೊಳೆತುಹೋಗುವುದು. ಆದುದರಿಂದ ಇಂಗ್ಲೆಂಡಿನ ತೋಟಗಾರರು ಮೊದಲ ಹಿಮಕ್ಕೆ ಎಲೆ ಕಪ್ಪಾದೊಡನೆ ಕಾಂಡವನ್ನು ಆರು ಅಂಗುಲ ಉಳಿಸಿ ಕತ್ತರಿಸಿ, ಗೆಡ್ಡೆಗೆ ಗಾಯವಾಗದಂತೆ ಅಗೆದು ತೆಗೆಯುವರು. ಕಾಂಡ ಪೊಳ್ಳಾದುದರಿಂದ ಅದರೊಳಗಿನ ನೀರು ಬಸಿದುಹೋಗಲೆಂದು ಕೆಲವು ದಿನ ತಲೆಕೆಳಗಾಗಿ ನಿಲ್ಲಿಸುವರು. ಅನಂತರ ಒಣ ಮರಳು ತುಂಬಿದ ಪೆಟ್ಟಿಗೆಯಲ್ಲಿಟ್ಟು, ಫ್ಯಾರನ್‌ಹೀಟ್ 40ರಿಂದ 45 ಡಿಗ್ರಿಯ ತಂಪಿರುವ, ಹಿಮ ತಾಗದ ಕೋಣೆಯಲ್ಲಿ ವಸಂತದವರೆಗೆ ಕಾಯುವರು.

ನಮ್ಮ ಮಲೆನಾಡಿನ ಮಳೆಯ ಲಯವು ಗಿಡದ ತವರನ್ನೇ ಹೋಲುತ್ತದೆ. ನಮ್ಮಲ್ಲಿ ಹಿಮದ ಭಯವಿಲ್ಲ. ಭಯವಿರುವುದು ತೇವದಿಂದ, ಬೇಸಗೆಯ ಉರಿಯಿಂದ. ಕಾಂಡವು ತಾನಾಗಿ ಒಣಗಿದ ಮೇಲೆ ಗೆಡ್ಡೆಯನ್ನೆತ್ತಿ, ನೆರಳಿನಲ್ಲಿ ಆರಿಸಿ, ಒಣ ಮರಳಿನ ಕುಂಡದಲ್ಲಿ ಹುಗಿದು, ಗಾಳಿಯಾಡುವ ತಂಪಾದ ಮೂಲೆಯಲ್ಲಿಡಬೇಕು. ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಕೊಳೆತ ಭಾಗವನ್ನು ಕೊಯ್ದೆಸೆಯಬೇಕು. ತೀರ ಸುಕ್ಕಾಗಿದ್ದರೆ ಮರಳಿಗೆ ನಾಲ್ಕು ಹನಿ ನೀರು ಚಿಮುಕಿಸಬೇಕು. ಅಕ್ಕರೆಯಿಂದ ದಿನವೂ ನೀರೆರೆದರೆ ಗೆಡ್ಡೆಗೆ ಆ ಅಕ್ಕರೆಯೇ ಮೃತ್ಯು.

ಮಳೆಗೆ ಮೊದಲು ಗೆಡ್ಡೆಗಳನ್ನು ಬೇರ್ಪಡಿಸುವಾಗ ಒಂದು ಮಾತನ್ನು ಮರೆಯಬಾರದು. ಆಲೂಗೆಡ್ಡೆಗೆ ಮೈಯೆಲ್ಲ ಕಣ್ಣು, ಡೇರೆಗೆ ಹಾಗಲ್ಲ. ಅದರ ಗೆಡ್ಡೆ ಊದಿದ ಬೇರು ಮಾತ್ರ. ಚಿಗುರುವ ಕಣ್ಣು ಇರುವುದು ಗೆಡ್ಡೆಯ ಕೊರಳು ಹಳೆಯ ಕಾಂಡವನ್ನು ಕೂಡುವ ಎಡೆಯಲ್ಲಿ. ಆ ಭಾಗದ ಚೂರು ಅಂಟಿಕೊಂಡಿರದಿದ್ದರೆ, ಮುಷ್ಟಿಗಾತ್ರದ ಗೆಡ್ಡೆಯೂ ಬೇರೊಡೆದು ಸುಮ್ಮನೆ ಕುಳಿತೀತೇ ಹೊರತು ಕುಡಿಯೊಡೆಯದು. ಕಣ್ಣುಳ್ಳ ಕಿರುಬೆರಳಷ್ಟು ಗೆಡ್ಡೆಯಾದರೂ ಸಾಕು. ಹೆಚ್ಚು ಗಿಡಗಳು ಬೇಕೆಂದರೆ ಗೆಡ್ಡೆಯನ್ನು ಮೊದಲೇ ತೇವದ ಮರಳಿನಲ್ಲಿಟ್ಟು, ಮೂರಂಗುಲ ಬೆಳೆದ ಕುಡಿಗಳನ್ನು ಬುಡದಲ್ಲಿ ಕೊಯ್ದು ನೆರಳಿನಲ್ಲಿ ನೆಡಬಹುದು. ಎರಡು ಮೂರು ವಾರಗಳಲ್ಲಿ ಬೇರು ಬರುವುದು.

ಇಷ್ಟೆಲ್ಲ ಶ್ರಮವೇಕೆ, ಬೀಜ ಬಿತ್ತಬಾರದೆ ಎಂದು ಕೇಳಬಹುದು. ಬಿತ್ತಬಹುದು, ಗಿಡವೂ ಹೂವೂ ಬರುವುವು. ಆದರೆ ತಾಯಿಯ ಹೂವು ಮರಳಿ ಬರುವುದಿಲ್ಲ. ತೋಟದ ಡೇರೆಯಲ್ಲಿ ವರ್ಣತಂತುಗಳು ಎಂಟು ಗಣಗಳಾಗಿರುವುದರಿಂದ ಬೀಜದ ಪ್ರತಿಯೊಂದು ಸಸಿಯೂ ಬೇರೆ ಬಣ್ಣ, ಬೇರೆ ರೂಪ ತಾಳುವುದು. ವೇಲ್ಸಿನ ಕಾರ್ಡಿಫ್ ನಗರದಲ್ಲಿ 1924ರಲ್ಲಿ ಹುಟ್ಟಿದ ‘ಬಿಷಪ್ ಆಫ್ ಲಾಂಡಾಫ್’ ಎಂಬ ಕೆಂಪು ಡೇಲಿಯಾ ನೂರು ವರ್ಷ ಕಳೆದ ಮೇಲೂ ತೋಟಗಳಲ್ಲಿ ಅರಳುತ್ತಿದೆ. ಒಂದೇ ಒಂದು ಸಸಿಯ ಗೆಡ್ಡೆ, ಕುಡಿಗಳನ್ನು ಜನರು ಕೈಯಿಂದ ಕೈಗೆ ದಾಟಿಸುತ್ತ ಬಂದುದರ ಫಲವಿದು. ಒಂದು ಬಗೆಯ ಕಡೆಯ ಗೆಡ್ಡೆ ಎಲ್ಲಿಯೋ ಕೊಳೆತರೆ, ಆ ಹೂವು ಲೋಕಕ್ಕೇ ಇಲ್ಲವಾಗುವುದು.

ಮಲೆನಾಡಿನ ಗೃಹಿಣಿಯರು ಇದನ್ನು ಯಾವ ಶಾಸ್ತ್ರಗ್ರಂಥದಿಂದಲೂ ಕಲಿತವರಲ್ಲ. ನೆಂಟರ ಮನೆಯಲ್ಲಿ ಹೊಸ ಬಣ್ಣದ ಡೇರೆ ಕಂಡರೆ ಒಂದು ಗೆಡ್ಡೆ ಕೇಳಿ ತರುವರು; ತಮ್ಮಲ್ಲಿರುವುದನ್ನು ಕೊಟ್ಟು ಬರುವರು. ಇದು ಬರಿಯ ಉಪಚಾರವಲ್ಲ. ನಮ್ಮ ಮನೆಯ ಗೆಡ್ಡೆ ಕೊಳೆತ ವರ್ಷ, ನೆರೆಮನೆಗೆ ಕೊಟ್ಟ ಗೆಡ್ಡೆಯೇ ನಮಗೆ ಹೂವನ್ನು ಹಿಂದಿರುಗಿಸುವುದು. ಆದುದರಿಂದ ಈ ಸಲ ಗೆಡ್ಡೆಗಳನ್ನು ಬೇರ್ಪಡಿಸುವಾಗ ಕಣ್ಣಿರುವ ಒಂದನ್ನು ನೆರೆಯವರಿಗಾಗಿ ತೆಗೆದಿಡಿರಿ.