ಒಂದು ಬೊಗಸೆ ನೀರು

ಇಸ್ಲಾಮಿನಲ್ಲಿ ನಿಮಗೆ ಚೆಂದ ಕಂಡದ್ದೇನು ಎಂದು ಗೆಳೆಯರೊಬ್ಬರು ಕೇಳಿದರು. ದೊಡ್ಡ ಮಾತು ಯಾವುದೂ ಹೊಳೆಯಲಿಲ್ಲ. ನೆನಪಾದದ್ದು ನೀರು.

ಫಜ್ರ್, ಅಂದರೆ ಬೆಳಗಿನ ನಮಾಜಿಗೆ ಮುಂಚೆ ವುಝೂ ಎಂಬ ಅಂಗಶುದ್ಧಿ ಮಾಡುತ್ತೇವೆ. ಕೈ ತೊಳೆದು, ಬಾಯಿ ಮುಕ್ಕಳಿಸಿ, ಮೂಗು, ಮುಖ, ಮೊಣಕೈವರೆಗೆ ತೋಳು; ಒದ್ದೆ ಕೈಯಿಂದ ತಲೆ ಸವರಿ, ಕೊನೆಗೆ ಪಾದ. ಚಳಿಗಾಲದಲ್ಲಿ ಭಕ್ತಿಗಿಂತ ಮೊದಲು ನಡುಕ ಬರುತ್ತದೆ, ಸುಳ್ಳೇಕೆ ಹೇಳಲಿ!

ಪ್ರವಾದಿ ಮುಹಮ್ಮದರು ವುಝೂಗೆ ಬಳಸುತ್ತಿದ್ದದ್ದು ಒಂದು ಮುದ್ದ್ ನೀರು ಎನ್ನುತ್ತದೆ ಹದೀಸ್, ಅಂದರೆ ಅವರ ನಡೆನುಡಿಗಳ ವರದಿ. ಎರಡು ಕೈ ಜೋಡಿಸಿದ ಬೊಗಸೆಯ ಅಳತೆ ಅದು. ಇಂದಿನ ಲೆಕ್ಕದಲ್ಲಿ ಒಂದು ಲೀಟರಿಗೂ ಕಡಿಮೆ. ನಾನೋ, ನಿದ್ದೆಗಣ್ಣಲ್ಲಿ ನಲ್ಲಿ ತಿರುಗಿಸಿ ಬಕೆಟ್ಟುಗಟ್ಟಲೆ ಹರಿಯಬಿಡುವವನು. ಒಮ್ಮೆ ಚೊಂಬಿನಲ್ಲಿ ಅಳೆದುಕೊಂಡು ಮಾಡಿ ನೋಡಿದೆ. ಸಾಕಾಯಿತು, ತುಸು ಉಳಿಯಿತು ಕೂಡ.

ನೀರೇ ಸಿಗದಿದ್ದರೆ? ಕಾಯಿಲೆಯಿಂದ ನೀರು ಮುಟ್ಟಲಾಗದಿದ್ದರೆ? ಆಗ ತಯಮ್ಮುಮ್. ಶುದ್ಧ ಮಣ್ಣಿಗೆ ಅಂಗೈ ತಾಗಿಸಿ ಮುಖ, ಕೈ ಸವರಿಕೊಂಡರೆ ಆಯಿತು. ಕುರ್‌ಆನಿನ 5ನೇ ಅಧ್ಯಾಯ ಅಲ್ ಮಾಇದಾದಲ್ಲಿ ಈ ವಿನಾಯಿತಿ ಇದೆ. ಮನುಷ್ಯನನ್ನು ಕಷ್ಟಕ್ಕೆ ದೂಡುವುದು ದೇವರ ಇಚ್ಛೆಯಲ್ಲ ಎಂಬ ಭಾವವೂ ಅಲ್ಲೇ ಇದೆ. ನನಗೆ ಎಲ್ಲಕ್ಕಿಂತ ಚೆಂದ ಕಾಣುವುದು ಇದು. ನಿಯಮ ಮಾಡಿದವನೇ ಒಂದು ಬಾಗಿಲನ್ನೂ ತೆರೆದಿಟ್ಟಿದ್ದಾನೆ.

ಬದುಕಿನ ಕೊನೆಯ ವರ್ಷ ನನ್ನ ಅಜ್ಜಿ ಹಾಸಿಗೆ ಹಿಡಿದಿದ್ದರು. ಮಂಚದ ಪಕ್ಕ ತಟ್ಟೆಯಲ್ಲಿ ಹೊಲದ ಮಣ್ಣು. ಬೆಳಗಾದರೆ ಅದರ ಮೇಲೆ ಅಂಗೈ ಇಟ್ಟು, ಊದಿ, ಮುಖ, ಕೈ ಸವರಿಕೊಂಡು, ಮಲಗಿದಲ್ಲೇ ನಮಾಜು ಮಾಡುತ್ತಿದ್ದರು. ತಟ್ಟೆಯ ಮಣ್ಣು ಬದಲಿಸುವ ಕೆಲಸ ನನ್ನದಾಗಿತ್ತು.