ಬಣ್ಣದ ಕೆಳಗಿನ ಕೆಲಸ



ರೋಲ್ಸ್ ರಾಯ್ಸ್ ಸಿಲ್ವರ್ ಶ್ಯಾಡೋ. 1965ರಿಂದ 1980ರವರೆಗೆ ಇಂಗ್ಲೆಂಡಿನ ಕ್ರೂ ಪಟ್ಟಣದಲ್ಲಿ ತಯಾರಾದ ಕಾರು. ಒಳಗೆ ಹೊಳೆಯುವ ಮರದ ಕೆಲಸ, ಮೆತ್ತನೆಯ ಚರ್ಮದ ಸೀಟು. ಅಂಥ ಕಾರಿಗೂ ತುಕ್ಕು ಹಿಡಿಯುತ್ತದೆ. ಚಕ್ರದ ಮೇಲಿನ ಕಮಾನಿನಲ್ಲಿ, ಬಾಗಿಲ ಕೆಳಗಿನ ಪಟ್ಟಿಯಲ್ಲಿ ಸದ್ದಿಲ್ಲದೆ ಹರಡುತ್ತದೆ. ಈ ಕಾರಿಗೆ ಪ್ರತ್ಯೇಕ ಚಾಸಿ, ಅಂದರೆ ಅಡಿಯ ಚೌಕಟ್ಟು, ಇಲ್ಲ. ಭಾರ ಹೊರುವುದು ಬಾಡಿಯೇ. ಹಾಗಾಗಿ ತುಕ್ಕು ಹಿಡಿದರೆ ಕಾರಿನ ಬಲವೇ ಕುಗ್ಗುತ್ತದೆ.

ಇಂಥ ಕಾರನ್ನು ಸರಿಮಾಡಿ ಮಾರುವವರ ಮುಂದೆ ಎರಡು ದಾರಿ. ತುಕ್ಕು ತಿಂದ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಒಂದು. ಕೆಟ್ಟ ತಗಡನ್ನು ಕತ್ತರಿಸಿ ತೆಗೆದು, ಹೊಸದನ್ನು ಬೆಸೆಯುವುದು ಇನ್ನೊಂದು. ಮಾರುವ ದಿನ ಎರಡೂ ಒಂದೇ ಥರ ಮಿನುಗುತ್ತವೆ. ಪ್ರಾಮಾಣಿಕ ಕೆಲಸಗಾರ ಪ್ರತಿ ಹಂತದ ಫೋಟೋ, ರಸೀದಿ ಇಟ್ಟಿರುತ್ತಾನೆ. ಕೊಳ್ಳುವವರಿಗೆ ಉಳಿದ ದೋಷವನ್ನೂ ತೋರಿಸುತ್ತಾನೆ. ಬೆಲೆ ಒಂದಿಷ್ಟು ಇಳಿಯಬಹುದು. ಆದರೆ ಕೊಂಡವರು ನಂಬಿಕೆಯಿಂದ ಓಡಿಸುತ್ತಾರೆ.

ನಾವು ಮಾಡುವ ಎಷ್ಟೋ ಕೆಲಸ ಕೊನೆಗೆ ಇನ್ನೊಬ್ಬರ ಕೈ ಸೇರುತ್ತದೆ. ಅವರು ನೋಡುವುದು ಮೇಲಿನ ಹೊಳಪನ್ನು. ಬಾಳುವುದು ಒಳಗಿನ ಗಟ್ಟಿತನದೊಂದಿಗೆ. ಇವತ್ತು ಕೈಗೆತ್ತಿಕೊಂಡ ಕೆಲಸದಲ್ಲಿ, ಕಾಣದ ಭಾಗವನ್ನೂ ಅಷ್ಟೇ ಶ್ರದ್ಧೆಯಿಂದ ಮಾಡೋಣ. ಕೊರತೆ ಉಳಿದಿದ್ದರೆ, ಅವರು ಕೇಳುವ ಮೊದಲೇ ನಾವೇ ಹೇಳಿಬಿಡೋಣ.